ತಟ್ಟೆಯಿಂದ ತೆಗೆದದ್ದು, ತಟ್ಟೆಗೆ ಬಂದದ್ದು



ಆಹಾರ ಮತ್ತು ಆರೋಗ್ಯ ಕುರಿತ ಈ ಸಮ್ಮೇಳನದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದೀರಿ. ಅಧ್ಯಕ್ಷ ಭಾಷಣದಲ್ಲಿ ಇಡೀ ಕ್ಷೇತ್ರವನ್ನು ಅವಲೋಕಿಸುವ ವಾಡಿಕೆಯಿದೆ. ಇಂದು ಅದನ್ನು ಬದಿಗಿಟ್ಟು, ಹೊರರೋಗಿ ವಿಭಾಗದಲ್ಲಿ ವೈದ್ಯರೂ ಆರೋಗ್ಯ ಕಾರ್ಯಕರ್ತರೂ ಆದ ನಮ್ಮೆಲ್ಲರಿಗೂ ಎದುರಾಗುವ ಒಂದೇ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ. "ಡಾಕ್ಟ್ರೇ, ಶುಗರ್ ಬಂದಿದೆ, ಅನ್ನ ಪೂರ್ತಿ ಬಿಟ್ಬಿಡ್ಲಾ?" ಅನ್ನ, ಮುದ್ದೆ, ರೊಟ್ಟಿಯನ್ನು ತೀರಾ ಇಳಿಸುವ ಲೋ ಕಾರ್ಬ್ ಆಹಾರಕ್ರಮ ಮೂರು ತಿಂಗಳಲ್ಲಿ ಏನು ಮಾಡುತ್ತದೆ ಎಂಬುದನ್ನು ಜನ ಮೊಬೈಲಿನಲ್ಲಿ ನೋಡಿದ್ದಾರೆ. ಇಪ್ಪತ್ತು ವರ್ಷಗಳಲ್ಲಿ ಏನು ಮಾಡುತ್ತದೆ ಎಂಬುದನ್ನು ಅವರಿಗೆ ತಿಳಿಸಬೇಕಾದವರು ನಾವು.

ನಾನು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ತಟ್ಟೆಯಿಂದ ಶರ್ಕರಪಿಷ್ಟವನ್ನು, ಅಂದರೆ ಕಾರ್ಬೊಹೈಡ್ರೇಟನ್ನು, ಎಷ್ಟು ತೆಗೆದೆವು ಎಂಬ ಲೆಕ್ಕ ಅರ್ಧ ಲೆಕ್ಕ ಮಾತ್ರ. ತೆರವಾದ ಜಾಗಕ್ಕೆ ಏನು ಬಂತು, ಅದನ್ನು ಬಾಳಿನುದ್ದಕ್ಕೂ ಉಣ್ಣಲು ಸಾಧ್ಯವೇ ಎಂಬುದು ಉಳಿದರ್ಧ. ದೀರ್ಘಕಾಲದ ಒಳಿತು ಕೆಡುಕುಗಳೆಲ್ಲ ಇರುವುದು ಈ ಎರಡನೆಯ ಅರ್ಧದಲ್ಲಿ.

ವಿಚಾರ ಹಳೆಯದು. ಪ್ರಮೇಹಕ್ಕೆ, ಅಂದರೆ ಮಧುಮೇಹವೂ ಸೇರಿದ ಮೂತ್ರದ ರೋಗಗಳಿಗೆ, ಚರಕಸಂಹಿತೆ ಸೂಚಿಸುವ ಆಹಾರದಲ್ಲಿ ಜವೆಗೋಧಿಗೆ ಮೊದಲ ಸ್ಥಾನ. ಕೂತಲ್ಲೇ ಕೂರುವ ಸುಖವೂ ಬೆಲ್ಲದ ತಿನಿಸೂ ಅದರ ಪ್ರಕಾರ ರೋಗಕ್ಕೆ ಕಾರಣ. 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬುವರು ವೈದ್ಯ ವಿಲಿಯಂ ಹಾರ್ವೆಯವರ ಸಲಹೆಯಂತೆ ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆ ಬಿಟ್ಟು ತೂಕ ಇಳಿಸಿಕೊಂಡು, ಆ ಅನುಭವವನ್ನು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದರು. ಇನ್ಸುಲಿನ್ ಇಲ್ಲದ ಕಾಲದಲ್ಲಿ ಅಮೆರಿಕದ ಫ್ರೆಡರಿಕ್ ಆ್ಯಲನ್ ಮಧುಮೇಹಿ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಅವರ ಆಯುಷ್ಯವನ್ನು ಅಷ್ಟಿಷ್ಟು ಮುಂದೂಡಿದರು. 1922ರ ಜನವರಿಯಲ್ಲಿ ಟೊರಾಂಟೊದ 14 ವರ್ಷದ ಹುಡುಗನೊಬ್ಬನಿಗೆ ಇನ್ಸುಲಿನ್ ಚುಚ್ಚಿದ ಮೇಲೆ ಆ ಸಂಕಟದ ಯುಗ ಮುಗಿಯಿತು. ಅದಕ್ಕೆ ಸ್ವಲ್ಪ ಮೊದಲು, 1921ರಲ್ಲಿ, ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್ ಮೂರ್ಛೆರೋಗಕ್ಕೆ ಕೊಬ್ಬು ಹೆಚ್ಚು, ಶರ್ಕರಪಿಷ್ಟ ತೀರಾ ಕಡಿಮೆ ಇರುವ ಕೀಟೋಜೆನಿಕ್ (ಕೀಟೋ) ಆಹಾರವನ್ನು ಸೂಚಿಸಿದ್ದರು. ಔಷಧಿಗೆ ಬಗ್ಗದ ಮೂರ್ಛೆರೋಗವಿರುವ ಮಕ್ಕಳಿಗೆ ಇಂದಿಗೂ ಅದು ಮಾನ್ಯ ಚಿಕಿತ್ಸೆ. ಹೀಗೆ ವೈದ್ಯರು ಗ್ರಾಂ ಲೆಕ್ಕದಲ್ಲಿ ಅಳೆದು, ರಕ್ತ ಪರೀಕ್ಷೆ ಮಾಡಿಸುತ್ತ ಕೊಡುತ್ತಿದ್ದ ಪಥ್ಯವು 1972ರಲ್ಲಿ ರಾಬರ್ಟ್ ಆಟ್ಕಿನ್ಸ್ ಅವರ ಪುಸ್ತಕ ಬಂದ ಮೇಲೆ ಜನಸಾಮಾನ್ಯರ ಅಡುಗೆಮನೆಗೆ ಬಂತು. ಪಥ್ಯ ಬಂತು, ಅದರ ಜೊತೆಗಿದ್ದ ಮೇಲ್ವಿಚಾರಣೆ ಬರಲಿಲ್ಲ.

ಪ್ರಮಾಣದ ಮಾತು ಸ್ಪಷ್ಟವಾಗಿರಲಿ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರು 130 ಗ್ರಾಂಗಿಂತ ಕಡಿಮೆ ಶರ್ಕರಪಿಷ್ಟ ತಿಂದರೆ ಅದನ್ನು ಸಾಮಾನ್ಯವಾಗಿ ಲೋ ಕಾರ್ಬ್ ಎನ್ನುತ್ತೇವೆ. ಕೀಟೋದಲ್ಲಿ ಅದು 20ರಿಂದ 50 ಗ್ರಾಂಗೆ ಇಳಿಯುತ್ತದೆ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 67 ಗ್ರಾಂ, ನೂರು ಗ್ರಾಂ ಪಾಲಿಶ್ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದೆ. ಅಂದರೆ ನೂರು ಗ್ರಾಂ ಹಿಟ್ಟಿನ ಒಂದೇ ಮುದ್ದೆ ಕೀಟೋದ ಇಡೀ ದಿನದ ಮಿತಿಯನ್ನು ದಾಟಿಸುತ್ತದೆ. ಕನ್ನಡ ನಾಡಿನ ಮನೆಯೂಟದಲ್ಲಿ ಕೀಟೋ ಎಂದರೆ ಮನೆಮಂದಿಯಿಂದ ಬೇರೆಯಾಗಿ, ಬೇರೆ ಒಲೆ ಹೂಡಿ ಉಣ್ಣುವುದು ಎಂದೇ ಅರ್ಥ. ಎಷ್ಟು ಮಂದಿ, ಎಷ್ಟು ವರ್ಷ ಹಾಗೆ ಉಣ್ಣಬಲ್ಲರು?

ಮೊದಲ ತಿಂಗಳುಗಳ ಲಾಭ ನಿಜ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗೋಣ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೊಜೆನ್ ಖಾಲಿಯಾಗುವಾಗ ಅದರ ಪ್ರತಿ ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರೂ ಹೊರಹೋಗುತ್ತದೆ. ಮೊದಲ ವಾರ ತಕ್ಕಡಿ ತೋರಿಸುವ ಇಳಿಕೆಯಲ್ಲಿ ಬಹುಪಾಲು ಅದೇ. ಆಮೇಲೆ ಹಸಿವು ತಗ್ಗಿ ಕೊಬ್ಬು ಕರಗುವುದೂ ಉಂಟು. ಟ್ರೈಗ್ಲಿಸರೈಡ್ ಇಳಿಯುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಎನ್ನುವ ಎಚ್‌ಡಿಎಲ್ ಸ್ವಲ್ಪ ಏರುತ್ತದೆ. 23 ಪ್ರಯೋಗಗಳನ್ನು ಒಟ್ಟುಗೂಡಿಸಿ 2021ರಲ್ಲಿ ಬಿಎಂಜೆ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಆರು ತಿಂಗಳ ಹೊತ್ತಿಗೆ ಲೋ ಕಾರ್ಬ್ ಗುಂಪಿನ ಶೇ. 57 ಮಂದಿಯ ಮಧುಮೇಹ ಹತೋಟಿಯ ಗೆರೆಯೊಳಗೆ ಬಂದಿತ್ತು. ಇತರ ಗುಂಪುಗಳಲ್ಲಿ ಇದು ಶೇ. 31. ಇಷ್ಟು ದೊಡ್ಡ ಅಂತರವನ್ನು ಯಾವ ವೈದ್ಯರೂ ಕಡೆಗಣಿಸಬಾರದು.

ಆದರೆ ಅದೇ ವಿಶ್ಲೇಷಣೆಯಲ್ಲಿ ಹನ್ನೆರಡು ತಿಂಗಳಿಗೆ ಲಾಭಗಳು ಕುಗ್ಗಿದವು. ಸ್ಟ್ಯಾನ್‌ಫರ್ಡಿನಲ್ಲಿ 609 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವರ್ಷದ ಕೊನೆಗೆ ಕೊಬ್ಬು ಕಡಿಮೆ ಮಾಡಿದವರು 5.3 ಕಿಲೋ, ಶರ್ಕರಪಿಷ್ಟ ಕಡಿಮೆ ಮಾಡಿದವರು 6 ಕಿಲೋ ಇಳಿದಿದ್ದರು. ಗಣನೀಯ ವ್ಯತ್ಯಾಸವಿರಲಿಲ್ಲ. ಎರಡೂ ಗುಂಪುಗಳಿಗೆ ಸಕ್ಕರೆ ಮೈದಾ ಬಿಡಿ, ತರಕಾರಿ ಹೆಚ್ಚಿಸಿ ಎಂದು ಹೇಳಲಾಗಿತ್ತು. ಗೆಲುವಿನಲ್ಲಿ ಆ ಸಮಾನ ಸಲಹೆಯ ಪಾಲು ದೊಡ್ಡದೆಂದು ನಾನು ನಂಬುತ್ತೇನೆ.

ಪ್ರಯೋಗಗಳು ಸಾಮಾನ್ಯವಾಗಿ ಒಂದೆರಡು ವರ್ಷಕ್ಕೆ ನಿಲ್ಲುತ್ತವೆ. ಅದರಾಚೆ ನೋಡಬೇಕಾದರೆ ಸಾವಿರಾರು ಜನರನ್ನು ದಶಕಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳಿಗೆ ಹೋಗಬೇಕು. ಅಮೆರಿಕದ ನಾಲ್ಕು ಪ್ರದೇಶಗಳ 15,428 ಮಂದಿಯನ್ನು ಸುಮಾರು 25 ವರ್ಷ ಗಮನಿಸಿದ ಎಆರ್‌ಐಸಿ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು. ಶಕ್ತಿಯ ಶೇ. 50ರಿಂದ 55ರಷ್ಟನ್ನು ಶರ್ಕರಪಿಷ್ಟದಿಂದ ಪಡೆದವರಲ್ಲಿ ಸಾವಿನ ಅಪಾಯ ಅತಿ ಕಡಿಮೆ. ಅದಕ್ಕಿಂತ ತೀರಾ ಕೆಳಗಿಳಿದವರಲ್ಲೂ ತೀರಾ ಮೇಲೇರಿದವರಲ್ಲೂ ಹೆಚ್ಚು. ಐವತ್ತು ವರ್ಷದವರ ಮುಂದಿನ ಆಯುಷ್ಯವನ್ನು ಅಂದಾಜಿಸಿದಾಗ ಮಧ್ಯಮ ಪ್ರಮಾಣದವರಿಗೆ 33 ವರ್ಷ, ಶೇ. 30ಕ್ಕಿಂತ ಕಡಿಮೆ ತಿಂದವರಿಗೆ 29, ಶೇ. 65ಕ್ಕಿಂತ ಹೆಚ್ಚು ತಿಂದವರಿಗೆ 32 ವರ್ಷ ಬಂತು. ಇದು ಕಾರ್ಯಕಾರಣದ ಪುರಾವೆಯಲ್ಲ ಎಂಬುದನ್ನು ನೆನಪಿಡೋಣ. ಊಟದ ವಿವರವನ್ನು ಎರಡೇ ಬಾರಿ ಕೇಳಲಾಗಿತ್ತು. ಕಡಿಮೆ ಶರ್ಕರಪಿಷ್ಟ ತಿಂದವರಲ್ಲಿ ಧೂಮಪಾನಿಗಳೂ ಮಧುಮೇಹಿಗಳೂ ಹೆಚ್ಚಿದ್ದರು. ಸಂಶೋಧಕರು ಇದನ್ನು ಲೆಕ್ಕದಲ್ಲಿ ಸರಿಹೊಂದಿಸಿದ್ದರೂ ಪೂರ್ತಿ ಸರಿಹೊಂದಿಸುವುದು ಯಾರಿಂದಲೂ ಆಗದು.

ಆ ಅಧ್ಯಯನದ ಹೃದಯ ಇರುವುದು ಮುಂದಿನ ಭಾಗದಲ್ಲಿ. ಶರ್ಕರಪಿಷ್ಟದ ಜಾಗವನ್ನು ಮಾಂಸ, ಪ್ರಾಣಿಜನ್ಯ ಕೊಬ್ಬುಗಳಿಂದ ತುಂಬಿದವರಲ್ಲಿ ಅಪಾಯ ಏರಿತ್ತು. ಕಾಳು, ಬೀಜ, ತರಕಾರಿಗಳಿಂದ ತುಂಬಿದವರಲ್ಲಿ ಇಳಿದಿತ್ತು. ಅಮೆರಿಕದ ದಾದಿಯರು ಹಾಗೂ ಆರೋಗ್ಯ ವೃತ್ತಿಯವರನ್ನು ಎರಡು ದಶಕಕ್ಕೂ ಮೀರಿ ಗಮನಿಸಿ 2010ರಲ್ಲಿ ಬಂದ ವರದಿ ಇದನ್ನೇ ಹೇಳಿತ್ತು: ಪ್ರಾಣಿಮೂಲದ ಲೋ ಕಾರ್ಬ್‌ನಲ್ಲಿ ಸಾವಿನ ಪ್ರಮಾಣ ಶೇ. 23 ಹೆಚ್ಚು, ಸಸ್ಯಮೂಲದ್ದರಲ್ಲಿ ಶೇ. 20 ಕಡಿಮೆ. ಎರಡು ಊಟಕ್ಕೂ ಹೆಸರು ಒಂದೇ, ಫಲ ಮಾತ್ರ ಒಂದಕ್ಕೊಂದು ವಿರುದ್ಧ.

ಇನ್ನು ನಮ್ಮ ನಾಡಿನ ಚಿತ್ರ. ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳನ್ನು ಅಂದಾಜಿಸಿತು. ಅದೇ ಸಮೀಕ್ಷೆಯ ಪ್ರಕಾರ ಭಾರತೀಯರ ಶಕ್ತಿಯಲ್ಲಿ ಸುಮಾರು ಶೇ. 62 ಶರ್ಕರಪಿಷ್ಟದಿಂದ, ಅದರಲ್ಲೂ ಬಿಳಿ ಅಕ್ಕಿ, ಹಿಟ್ಟು, ಸಕ್ಕರೆಯಿಂದ ಬರುತ್ತದೆ. ಪ್ರೋಟೀನಿನಿಂದ ಬರುವುದು ಶೇ. 12ರಷ್ಟು. ಬೆಂಗಳೂರಿನವರೂ ಒಳಗೊಂಡಿದ್ದ, 18 ದೇಶಗಳ ಪ್ಯೂರ್ ಅಧ್ಯಯನ 2017ರಲ್ಲಿ ಅತಿ ಹೆಚ್ಚು ಶರ್ಕರಪಿಷ್ಟ ತಿನ್ನುವವರಲ್ಲಿ ಸಾವಿನ ಪ್ರಮಾಣ ಹೆಚ್ಚು ಎಂದು ತೋರಿಸಿತು. ಆದ್ದರಿಂದ ಕೀಟೋ ಅಪಾಯ ಎಂದು ಹೇಳಿ, ಇದ್ದ ಊಟವೇ ಸರಿ ಎಂದು ಜನರನ್ನು ಮನೆಗೆ ಕಳಿಸುವುದೂ ತಪ್ಪು. ನಾವು ಕಡಿಮೆ ಮಾಡಲೇಬೇಕು. ಎಲ್ಲಿಯವರೆಗೆ? 18,090 ಮಂದಿಯ ಊಟದ ವಿವರದಿಂದ ಇಂಡಿಯಾಬ್ ತಂಡ 2022ರಲ್ಲಿ ರೂಪಿಸಿದ ಗಣಿತ ಮಾದರಿ, ಹೊಸದಾಗಿ ಮಧುಮೇಹ ಪತ್ತೆಯಾದವರಿಗೆ ಶೇ. 49ರಿಂದ 54ರಷ್ಟು ಶರ್ಕರಪಿಷ್ಟ, ಸುಮಾರು ಶೇ. 20 ಪ್ರೋಟೀನ್ ಎಂದು ಸೂಚಿಸಿತು. ಅಮೆರಿಕದಲ್ಲಿ ಕಾಲು ಶತಮಾನ ಸಾವುಗಳನ್ನು ಲೆಕ್ಕ ಹಾಕಿದವರೂ ಭಾರತದಲ್ಲಿ ರಕ್ತದ ಸಕ್ಕರೆ ಅಳೆದವರೂ ಬೇರೆ ಬೇರೆ ದಾರಿಯಲ್ಲಿ ನಡೆದು ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಂದಿದ್ದಾರೆ.

ಸಿರಿಧಾನ್ಯದ ಬಗ್ಗೆ ಅಭಿಮಾನವಿರುವ ನಾಡಿನಲ್ಲಿ ಒಂದು ಮಾತನ್ನು ಹೇಳಲೇಬೇಕು. ಅಕ್ಕಿಯ ಬದಲು ರಾಗಿ, ಗೋಧಿ ಎಂದು ಬದಲಿಸಿ ಪ್ರಮಾಣವನ್ನು ಹಾಗೇ ಉಳಿಸಿಕೊಂಡರೆ ಮಧುಮೇಹದ ಅಪಾಯ ತಗ್ಗಿದ್ದು ಕಾಣಲಿಲ್ಲ ಎನ್ನುತ್ತದೆ 2025ರ ಇಂಡಿಯಾಬ್ ವರದಿ. ಶರ್ಕರಪಿಷ್ಟದ ಒಂದು ಪಾಲನ್ನು ಬೇಳೆಕಾಳು, ಹಾಲು ಮೊಸರಿನ ಪ್ರೋಟೀನಿಗೆ ಬಿಟ್ಟುಕೊಟ್ಟಾಗ ಅಪಾಯ ತಗ್ಗಿತು. ರಾಗಿಯಲ್ಲಿ ಸುಣ್ಣದ ಅಂಶವಿದೆ, ನಾರಿದೆ. ಅದನ್ನು ಪ್ರೀತಿಯಿಂದ ಉಣ್ಣೋಣ, ಅಳತೆಯಲ್ಲಿ ಉಣ್ಣೋಣ.

ತೀವ್ರ ಲೋ ಕಾರ್ಬ್ ಅನ್ನು ವರ್ಷಗಟ್ಟಲೆ ಮುಂದುವರಿಸಿದರೆ ಎಲ್ಲಿ ಎಚ್ಚರ ಬೇಕು? ಮೊದಲನೆಯದು ಹೃದಯ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೆ, ಇತರರಿಗಿಂತ ಐದಾರು ವರ್ಷ ಮುಂಚೆ, ಬರುತ್ತದೆಂದು ಇಂಟರ್‌ಹಾರ್ಟ್ ಅಧ್ಯಯನ ತೋರಿಸಿದೆ. ಅನ್ನ ಬಿಟ್ಟು ತುಪ್ಪ, ಬೆಣ್ಣೆ, ಪನೀರ್, ಕೊಬ್ಬಿನ ಮಾಂಸಕ್ಕೆ ತಿರುಗಿದ ಕೆಲವರಲ್ಲಿ ಎಲ್‌ಡಿಎಲ್ ಕೊಲೆಸ್ಟರಾಲ್ ಬಹಳ ಮೇಲೇರುತ್ತದೆ. ತೂಕ ಇಳಿದ ಸಂತೋಷದಲ್ಲಿ ಅದನ್ನು ಯಾರೂ ನೋಡುವುದಿಲ್ಲ. ಎರಡನೆಯದು ಕರುಳು. ಧಾನ್ಯ, ಹಣ್ಣು, ಕಾಳು ಒಟ್ಟಿಗೆ ಹೋದರೆ ನಾರು ಹೋಗುತ್ತದೆ. ದಿನಕ್ಕೆ 25ರಿಂದ 29 ಗ್ರಾಂ ನಾರು ಆಯುಷ್ಯಕ್ಕೂ ಹೃದಯಕ್ಕೂ ಹಿತವೆಂದು 2019ರ ಲ್ಯಾನ್ಸೆಟ್ ವಿಶ್ಲೇಷಣೆ ಹೇಳಿದೆ. ಮೂರನೆಯದು ಮೂತ್ರಪಿಂಡ ಮತ್ತು ಮೂಳೆ. ಮೂರ್ಛೆರೋಗಕ್ಕಾಗಿ ವರ್ಷಗಟ್ಟಲೆ ಕೀಟೋ ಉಂಡ ಮಕ್ಕಳಲ್ಲಿ ಮೂತ್ರದ ಕಲ್ಲು, ಮೂಳೆ ತೆಳುವಾಗುವುದು, ಬೆಳವಣಿಗೆ ಕುಂಠಿತವಾಗುವುದು ಕಂಡುಬಂದಿದೆ. ಈಗಾಗಲೇ ಮೂತ್ರಪಿಂಡ ಸೋತವರು ಪ್ರೋಟೀನ್ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಗರ್ಭಿಣಿಯರೂ ಬಾಣಂತಿಯರೂ ಕೀಟೋದ ಗೊಡವೆಗೆ ಹೋಗಬಾರದು.

ನಾಲ್ಕನೆಯದು ಔಷಧಿ, ಇದು ಪ್ರಾಣದ ಪ್ರಶ್ನೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಪ್ರಮಾಣ ಬದಲಿಸದೆ ಅನ್ನ ನಿಲ್ಲಿಸಿದರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ನುಂಗುತ್ತ ಕೀಟೋ ಮಾಡಿದರೆ, ರಕ್ತದ ಸಕ್ಕರೆ ಸಹಜವೆಂಬಂತೆ ತೋರುತ್ತಿರುವಾಗಲೇ ರಕ್ತ ಆಮ್ಲೀಯವಾಗುವ ಕೀಟೋಆಸಿಡೋಸಿಸ್ ಆಗಬಹುದು. ವಾಂತಿ, ಸುಸ್ತು, ಏದುಸಿರು ಎಂದು ಬಂದವರಿಗೆ ಗ್ಲುಕೋಮೀಟರ್ ನೋಡಿ ಧೈರ್ಯ ಹೇಳಿ ಕಳಿಸುವಂತಿಲ್ಲ. ತಾಲ್ಲೂಕು ಆಸ್ಪತ್ರೆಯ ಪ್ರತಿಯೊಬ್ಬ ವೈದ್ಯರಿಗೂ ದಾದಿಗೂ ಇದು ಗೊತ್ತಿರಬೇಕು.

ಹಾಗಾದರೆ ಏನು ಉಣ್ಣಬೇಕು? ಉತ್ತರ ನಮ್ಮ ಅಡುಗೆಮನೆಗಳಲ್ಲೇ ಇದೆ. ಹಳೇ ಮೈಸೂರಿನವರು ಎರಡು ಮುದ್ದೆಗೆ ಒಂದು ಬಟ್ಟಲು ಸಾರು ಎಂಬ ಲೆಕ್ಕವನ್ನು ತಿರುಗಿಸಿ, ಒಂದು ಮುದ್ದೆಗೆ ಎರಡು ಬಟ್ಟಲು ಹುರುಳಿಕಾಳು, ಅಲಸಂದೆಯ ಸಾರು, ಬಸ್ಸಾರಿನ ಸೊಪ್ಪಿನ ಪಲ್ಯ ಎಂದು ಮಾಡಿಕೊಳ್ಳಲಿ. ಉತ್ತರ ಕರ್ನಾಟಕದವರು ಒಂದೆರಡು ರೊಟ್ಟಿ ತಗ್ಗಿಸಿ ಝುಣಕ, ಹೆಸರುಕಾಳಿನ ಪಲ್ಯ, ಮೊಸರು ಹೆಚ್ಚಿಸಲಿ. ಕರಾವಳಿಯವರು ಕುಚಲಕ್ಕಿ ಅನ್ನ ಕಡಿಮೆ ಮಾಡಿ ಮೀನು, ತರಕಾರಿ ಹೆಚ್ಚು ಬಡಿಸಿಕೊಳ್ಳಲಿ. ನೂರು ಗ್ರಾಂ ಹುರುಳಿಯಲ್ಲೂ ತೊಗರಿಬೇಳೆಯಲ್ಲೂ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಇದು ಹಬ್ಬಕ್ಕೂ ಹರಕೆಗೂ ಅಡ್ಡಿಯಾಗದ, ಇಪ್ಪತ್ತು ವರ್ಷ ನಡೆಸಿಕೊಂಡು ಹೋಗಬಹುದಾದ ಊಟ.

ಈ ಊಟ ಯಾರ ತಟ್ಟೆಗೆ ತಲುಪುತ್ತದೆ ಎಂಬುದೂ ನಮ್ಮ ಕಾಳಜಿಯಾಗಬೇಕು. ಎಷ್ಟೋ ಮನೆಗಳಲ್ಲಿ ಕೊನೆಗೆ ಉಣ್ಣುವ ಹೆಂಗಸರಿಗೆ ಉಳಿಯುವುದು ಅನ್ನ ಮತ್ತು ತಿಳಿಸಾರು. ಕಾಳು ಪಲ್ಯಗಳು ಗಂಡಸರ, ಮಕ್ಕಳ ತಟ್ಟೆಗೆ ಹೋಗಿರುತ್ತವೆ. ಆ ತಾಯಿಗೆ ಶುಗರ್ ಬಂದಾಗ "ಅನ್ನ ಕಡಿಮೆ ಮಾಡಿ" ಎಂದಷ್ಟೇ ಚೀಟಿಯಲ್ಲಿ ಬರೆದರೆ ನಾವು ಬರೆದದ್ದು ಹಸಿವನ್ನು. ಬದಲಿಗೆ ಏನು ಎಂಬುದನ್ನು ಬರೆಯದ ಪಥ್ಯದ ಚೀಟಿ ಅಪೂರ್ಣ ಚೀಟಿ.

ಆದ್ದರಿಂದ ಈ ಸಮ್ಮೇಳನದ ಮುಂದೆ ನಾಲ್ಕು ನಿರ್ಣಯಗಳನ್ನು ಇಡುತ್ತೇನೆ. ಒಂದು, ಶರ್ಕರಪಿಷ್ಟ ಕಡಿಮೆ ಮಾಡಲು ಹೇಳುವ ಪ್ರತಿ ಸಲಹೆಯಲ್ಲೂ ಅದರ ಬದಲಿ ಆಹಾರವನ್ನು ಆ ಮನೆಯ ಆದಾಯಕ್ಕೂ ಪದ್ಧತಿಗೂ ಹೊಂದುವಂತೆ ಬರೆಯಬೇಕು. ಎರಡು, ತೀವ್ರ ಲೋ ಕಾರ್ಬ್ ಆರಂಭಿಸುವ ಮೊದಲು ಮತ್ತು ಮೂರು ತಿಂಗಳ ನಂತರ ಕೊಲೆಸ್ಟರಾಲ್, ಮೂತ್ರಪಿಂಡದ ಪರೀಕ್ಷೆ, ಮಾತ್ರೆಗಳ ಮರುಪರಿಶೀಲನೆ ಕಡ್ಡಾಯವಾಗಬೇಕು. ಮೂರು, ಪಡಿತರದಲ್ಲಿ ಅಕ್ಕಿಯ ಜೊತೆ ಬೇಳೆಕಾಳು ಸಿಗಬೇಕು. ಕಲಬುರಗಿಯ ತೊಗರಿ ಭೌಗೋಳಿಕ ಗುರುತು ಪಡೆದ ಬೆಳೆ; ಅದು ನಮ್ಮ ಬಡವರ ತಟ್ಟೆಯಲ್ಲೂ ಇರಲಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಸಿಗುತ್ತಿರುವ ಮೊಟ್ಟೆಯನ್ನು ಯಾವ ಕಾರಣಕ್ಕೂ ಕಿತ್ತುಕೊಳ್ಳಬಾರದು. ನಾಲ್ಕು, ಮುದ್ದೆ, ರೊಟ್ಟಿ, ಕುಚಲಕ್ಕಿ ಉಣ್ಣುವ ಕನ್ನಡಿಗರನ್ನೇ ಇಪ್ಪತ್ತು ವರ್ಷ ಹಿಂಬಾಲಿಸುವ ಅಧ್ಯಯನವೊಂದನ್ನು ನಮ್ಮ ವೈದ್ಯಕೀಯ ಕಾಲೇಜುಗಳು ಒಟ್ಟಾಗಿ ಆರಂಭಿಸಬೇಕು. ಅಮೆರಿಕದ ದಾದಿಯರ ಊಟದಿಂದ ನಾವು ಕಲಿತಿದ್ದೇವೆ. ನಮ್ಮ ಆಶಾ ಕಾರ್ಯಕರ್ತೆಯರ ಊಟದಿಂದಲೂ ಜಗತ್ತು ಕಲಿಯಲಿ.

ಈ ಕೆಲಸದ ಫಲವನ್ನು ನಮ್ಮಲ್ಲಿ ಅನೇಕರು ನಿವೃತ್ತರಾದ ಮೇಲೆ ಈ ಸಭಾಂಗಣದಲ್ಲಿರುವ ವಿದ್ಯಾರ್ಥಿಗಳು ನೋಡುತ್ತಾರೆ. ಅದಕ್ಕಾಗಿಯೇ ಅದನ್ನು ಈಗಲೇ ಆರಂಭಿಸಬೇಕು. ಮುಂದಿನ ಗೋಷ್ಠಿಗಳಲ್ಲಿ ಈ ನಿರ್ಣಯಗಳನ್ನು ಚರ್ಚಿಸಿ, ತಿದ್ದಿ, ಅಂಗೀಕರಿಸಿ, ನಿಮ್ಮ ನಿಮ್ಮ ಆಸ್ಪತ್ರೆಗಳಲ್ಲಿ ಜಾರಿಗೆ ತನ್ನಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.