ಕಲಿಯುವ ವರ್ಷ ಕಲಿಕೆಗೇ ಇರಲಿ



ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳ ಎಂಜಿನಿಯರುಗಳು, ರೈಸ್ ಮಿಲ್ ಮಾಲೀಕರು, ಲೈನ್‌ಮನ್‌ಗಳು, ಅಪ್ರೆಂಟಿಸ್‌ಗಳು ಸೇರಿರುವ ಈ ಸಮಾವೇಶದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದೀರಿ.  ಎಲೆಕ್ಟ್ರಿಕಲ್ ಡಿಗ್ರಿ ಅಥವಾ ಡಿಪ್ಲೊಮಾ ಮುಗಿಸಿದವರು ಮಾಡುವ ಒಂದು ವರ್ಷದ ಅಪ್ರೆಂಟಿಸ್ ತರಬೇತಿಗೆ ಇಂದಿನ ನನ್ನ ಮಾತೆಲ್ಲ ಮೀಸಲು. ನಾನೂ ಆ ವರ್ಷವನ್ನು ದಾಟಿ ಬಂದವನು. ಸೇವೆಯುದ್ದಕ್ಕೂ ನನ್ನನ್ನು ಕಾಪಾಡಿದ ವಿದ್ಯೆಯಲ್ಲಿ ಬಹುಪಾಲು ಆಗ ಕಲಿತದ್ದು.

ಮೊದಲು ನಮ್ಮ ನೆಲದ ಮಾತು. ಕರೆಂಟಿನ ಕೆಲಸ ಕಲಿಯಬೇಕಾದರೆ ಬೆಂಗಳೂರಿಗೋ ಪುಣೆಗೋ ಹೋಗಬೇಕು ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬೇರೂರಿದೆ. ಹಾಗೆ ಹೇಳುವ ತಂದೆತಾಯಿಗಳು ನಮ್ಮ ರಾಯಚೂರು ಜಿಲ್ಲೆಯ ನಕ್ಷೆಯನ್ನೊಮ್ಮೆ ನೋಡಬೇಕು. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ಉತ್ಪಾದನೆಯಾಗುತ್ತಿದೆ. 210 ಮೆಗಾವಾಟ್‌ನ ಏಳು ಘಟಕ, 250ರದ್ದೊಂದು, ಒಟ್ಟು 1,720 ಮೆಗಾವಾಟ್. ಯರಮರಸಿನಲ್ಲಿ 800 ಮೆಗಾವಾಟ್‌ನ ಎರಡು ಘಟಕಗಳಿವೆ. 2012ರ ಜುಲೈ ಕೊನೆಯಲ್ಲಿ ಉತ್ತರ, ಪೂರ್ವ, ಈಶಾನ್ಯ ಭಾರತ ಕತ್ತಲಾದಾಗ ದಕ್ಷಿಣದ ಗ್ರಿಡ್ ಬೇರೆಯಾಗಿ ನಡೆಯುತ್ತಿದ್ದುದರಿಂದ ನಮಗೆ ಬಿಸಿ ತಟ್ಟಲಿಲ್ಲ. ಮರುವರ್ಷದ ಡಿಸೆಂಬರ್ 31ರಂದು 765 ಕೆವಿಯ ರಾಯಚೂರು–ಸೊಲ್ಲಾಪುರ ಲೈನ್ ಚಾಲೂ ಆಯಿತು. ದಕ್ಷಿಣವೂ ಉಳಿದ ದೇಶವೂ ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರಿದ್ದು ಆಗಲೇ, ನಮ್ಮ ರಾಯಚೂರಿನಲ್ಲೇ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ. ಸಿಂಧನೂರಿನ ತುಂಗಭದ್ರಾ ಎಡದಂಡೆ ಕಾಲುವೆಯ ಬಯಲಿನಲ್ಲಿ ಸಾಲುಸಾಲು ಪಂಪ್‌ಸೆಟ್, ರೈಸ್ ಮಿಲ್. ಉತ್ಪಾದನೆ, ಸಾಗಣೆ, ವಿತರಣೆ, ಗಣಿ, ಕೃಷಿ, ಕಾರ್ಖಾನೆ ಎಲ್ಲವೂ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿರುವ ಸೀಮೆ ಸುಲಭಕ್ಕೆ ಸಿಗುವುದಿಲ್ಲ.

ಇನ್ನು ಆ ವರ್ಷದ ಅನುಭವಕ್ಕೆ ಬರುತ್ತೇನೆ. ಟ್ರಾನ್ಸ್‌ಫಾರ್ಮರಿನ ಸರ್ಕ್ಯೂಟ್ ಬಿಡಿಸಿ ಪೂರ್ತಿ ಅಂಕ ತೆಗೆದ ಹುಡುಗ ಹೊಲದ ಬದುವಿನ ಟಿಸಿ (ಟ್ರಾನ್ಸ್‌ಫಾರ್ಮರ್) ಕೆಳಗೆ ಬಂದು ನಿಂತಾಗ ಹೆಚ್ಚು ವೋಲ್ಟೇಜಿನ ಎಚ್‌ಟಿ ಬದಿ ಯಾವುದು, ಕಡಿಮೆ ವೋಲ್ಟೇಜಿನ ಎಲ್‌ಟಿ ಬದಿ ಯಾವುದು, ಲೈನಿನ ಸ್ವಿಚ್ಚಾದ ಜಿಒಎಸ್ ತೆರೆದಿದೆಯೋ ಮುಚ್ಚಿದೆಯೋ ಎಂದು ತಿಳಿಯದೆ ಸುಮ್ಮನೆ ಮೇಲೆ ನೋಡುತ್ತಾನೆ. ಅದಕ್ಕೆ ನಾಚಬೇಕಾಗಿಲ್ಲ. ಅದನ್ನು ಕಲಿಯಲೆಂದೇ ವರ್ಷವಿದೆ. ಆದರೆ ಕಲಿಸುವವರು ಯಾರು? ನನಗೆ ಕಲಿಸಿದವರು ಎಸ್ಸೆಸ್ಸೆಲ್ಸಿ ದಾಟದ ಒಬ್ಬ ಲೈನ್‌ಮನ್. ಅವರ ಮೊದಲ ಪಾಠ ಇಷ್ಟೇ: "ತಮ್ಮಾ, ಲೈನ್ ಬಂದ್ ಐತಿ ಅಂತ ಯಾರು ಹೇಳಿದ್ರೂ ನಂಬಬ್ಯಾಡ. ನೀನಾ ರಾಡ್ ಹಚ್ಚಿ ನೋಡಿದ ಮ್ಯಾಲ ಬಂದ್ ಅನ್ನು."

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದರಲ್ಲಿ ಜೀವದ ಪ್ರಶ್ನೆ ಇದೆ. ಲೈನಿನ ಮೇಲೆ ಕೆಲಸ ಮಾಡುವ ಮೊದಲು ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತೆಗೆದುಕೊಳ್ಳುತ್ತೇವೆ. ಸ್ಟೇಷನ್ನಿನಲ್ಲಿ ಬ್ರೇಕರ್ ತೆಗೆದು, ಐಸೊಲೇಟರ್ ತೆರೆದು, ಅರ್ಥ್ ಮಾಡಿ, ರಿಜಿಸ್ಟರಿನಲ್ಲಿ ನಂಬರು ಬರೆದ ಮೇಲೆಯೇ ಎಲ್‌ಸಿ ಕೊಡುತ್ತಾರೆ. ಯಾರು ತೆಗೆದುಕೊಂಡರೋ ಅವರೇ ಅದನ್ನು ಹಿಂದಿರುಗಿಸಬೇಕು. ಇಷ್ಟಾದರೂ ಕೆಲಸದ ಜಾಗದಲ್ಲಿ ಮತ್ತೆ ಪರೀಕ್ಷಿಸಿ, ಎರಡೂ ಬದಿಗೆ ಡಿಸ್ಚಾರ್ಜ್ ರಾಡ್ ಹಾಕಬೇಕು. ಯಾಕೆ? ಅದೇ ಕಂಬದ ಮೇಲೆ ಇನ್ನೊಂದು ಫೀಡರ್ ಹಾದಿರಬಹುದು. ಪಕ್ಕದ ಲೈನಿನಿಂದ ಇಂಡಕ್ಷನ್ ಬರಬಹುದು. ಯಾವುದೋ ಮಿಲ್ಲಿನ ಜನರೇಟರ್ ಚೇಂಜ್‌ಓವರ್ ಸ್ವಿಚ್ ಇಲ್ಲದೆ ನಡೆಯುತ್ತಿದ್ದರೆ ಎಲ್‌ಟಿ ಕಡೆಯಿಂದ ಬಂದ ಕರೆಂಟು ಟಿಸಿಯಲ್ಲಿ ಉಲ್ಟಾ ಏರಿ 11 ಕೆವಿಯಾಗಿ ತಂತಿಗೆ ಹೊಕ್ಕಿರಬಹುದು. ಟ್ರಾನ್ಸ್‌ಫಾರ್ಮರ್ ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ ಎಂಬುದು ಕಾಲೇಜಿನಲ್ಲಿ ಎರಡು ಅಂಕದ ಉತ್ತರ. ಕಂಬದ ಮೇಲೆ ಆ ಒಂದು ಸಂಗತಿ ಮರೆತದ್ದಕ್ಕೆ ಮನೆಯ ದುಡಿಯುವ ಮಗನನ್ನೇ ಕಳೆದುಕೊಂಡ ಕುಟುಂಬಗಳು ನಮ್ಮ ಊರುಗಳಲ್ಲಿವೆ.

ಹಾಗಾಗಿ ಅಪ್ರೆಂಟಿಸ್ ಎಂಜಿನಿಯರುಗಳಿಗೆ ನನ್ನ ವಿನಂತಿ: ನಾಳೆ ನೀವು ಅವರ ಸಾಹೇಬರಾಗುತ್ತೀರಿ ನಿಜ, ಈ ವರ್ಷ ಮಾತ್ರ ಲೈನ್‌ಮನ್‌ಗಳನ್ನು ಕಾಕಾ, ಅಣ್ಣಾ ಎಂದು ಕರೆದು ಅವರ ಹಿಂದೆ ಓಡಾಡಿರಿ. ಲೈನ್‌ಮನ್ ಬಂಧುಗಳೇ, ನೀವೂ ಈ ಮಕ್ಕಳನ್ನು ದೂರ ನಿಲ್ಲಿಸಬೇಡಿರಿ. ನಿಮಗೆ ತಿಳಿದದ್ದು ಯಾವ ಪುಸ್ತಕದಲ್ಲೂ ಪೂರ್ತಿಯಾಗಿ ಬಂದಿಲ್ಲ.

ನಮ್ಮ ಎರೆ ಭೂಮಿಯನ್ನೇ ತೆಗೆದುಕೊಳ್ಳಿರಿ. ಹಸಿ ಇದ್ದಾಗ ಇದರಷ್ಟು ಚೆನ್ನಾಗಿ ಅರ್ಥಿಂಗ್ ಕೊಡುವ ಮಣ್ಣು ಅಪರೂಪ. ಏಪ್ರಿಲ್, ಮೇನಲ್ಲಿ ಅದೇ ಮಣ್ಣು ಒಣಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅರ್ಥ್ ಪೈಪಿನ ಸುತ್ತ ಮಣ್ಣು ಸರಿದು ಸಂಪರ್ಕ ಕಳಚುತ್ತದೆ. ಟಿಸಿಯ ನ್ಯೂಟ್ರಲ್ ಕೂಡ ಸಡಿಲಾಗಿ ಕಿತ್ತರೆ ಒಂದು ಫೇಸಿನ ಮನೆಗಳಲ್ಲಿ ದೀಪ ಮಂಕಾಗಿ, ಇನ್ನೊಂದು ಫೇಸಿನಲ್ಲಿ ವೋಲ್ಟೇಜ್ 230ನ್ನು ಎಷ್ಟೋ ಮೀರಿ ಟಿವಿ, ಫ್ರಿಜ್ ಸುಡುತ್ತವೆ. ಊರವರು ಲೈನ್‌ಮನ್‌ನನ್ನು ಬೈಯುತ್ತಾರೆ. ಈ ಸರಣಿಯನ್ನು ಕಣ್ಣಾರೆ ಕಂಡ ಅಪ್ರೆಂಟಿಸ್ ಮುಂದೆ ಎಸ್ಟಿಮೇಟ್ ಬರೆಯುವಾಗ ಅರ್ಥಿಂಗ್ ಕೆಲಸಕ್ಕೆ ಕತ್ತರಿ ಹಾಕುವುದಿಲ್ಲ. ಬೇಸಿಗೆಯಲ್ಲಿ ಅರ್ಥ್ ಪಿಟ್ಟಿಗೆ ನೀರು ಹಾಕಿಸಿ ಅರ್ಥ್ ಟೆಸ್ಟರಿನಿಂದ ಓಮ್ ಅಳೆದು ಬರೆಯುವುದನ್ನು ಎಲ್ಲ ಅಪ್ರೆಂಟಿಸ್‌ಗಳಿಗೂ ಕಡ್ಡಾಯ ಮಾಡಬೇಕು ಎಂದು ನಾನು ಒತ್ತಾಯಿಸುತ್ತೇನೆ.

ಹಟ್ಟಿಯಲ್ಲಿ ಕಲಿಯುವವರ ಶಿಸ್ತು ಇನ್ನೂ ಬಿಗಿ. ಅಲ್ಲಿ ಮನುಷ್ಯರನ್ನು ಭೂಮಿಯೊಳಗೆ ಇಳಿಸಿ ಮೇಲೆ ತರುವುದು ವಿದ್ಯುತ್ತಿನ ವೈಂಡರ್. ಕರೆಂಟು ಹೋದರೆ ಬ್ರೇಕ್ ತಾನಾಗಿಯೇ ಬೀಳಬೇಕು. ಬ್ರೇಕ್ ಹಿಡಿಯುವುದಕ್ಕೆ ಕರೆಂಟು ಬೇಕಾಗುವಂತೆ ಇಟ್ಟರೆ ಅನಾಹುತ. ಕೆಟ್ಟಾಗಲೂ ಸುರಕ್ಷಿತ ಕಡೆಗೇ ಕೆಡಬೇಕು ಎಂಬ ಈ ತತ್ವ ಎಲೆಕ್ಟ್ರಿಕಲ್ ಎಂಜಿನಿಯರಿಂಗಿನ ತಿರುಳು. ನೀರೆತ್ತುವ ಪಂಪು ನಿಂತರೆ ಕೆಳಗೆ ನೀರು ಏರುತ್ತದೆ, ಫ್ಯಾನ್ ನಿಂತರೆ ಗಾಳಿ ಕೆಡುತ್ತದೆ. ಮೇಲೆ ಒಂದು ರಿಲೇ ಯಾಕೆ ಟ್ರಿಪ್ ಆಯಿತು ಎಂದು ತಿಳಿಯದೆ ಮತ್ತೆ ಆನ್ ಮಾಡುವ ಚಟವಿರುವವರಿಗೆ ಗಣಿ ಆ ಚಟ ಬಿಡಿಸುತ್ತದೆ. ಗಣಿಯ ಎಂಜಿನಿಯರುಗಳ ಕಣ್ಣು ಎಂಥದ್ದಿರಬೇಕು ಎಂಬುದಕ್ಕೆ ಮಸ್ಕಿಯವರು ಒಂದು ಹಳೆಯ ಸಂಗತಿಯನ್ನು ಹೆಮ್ಮೆಯಿಂದ ಹೇಳಬಹುದು. 1915ರಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನವನ್ನು ಮಸ್ಕಿಯ ಬಂಡೆಯ ಮೇಲೆ ಪತ್ತೆ ಮಾಡಿದ ಸಿ. ಬೀಡನ್ ಒಬ್ಬ ಚಿನ್ನದ ಗಣಿ ಎಂಜಿನಿಯರ್. ಇತರ ಶಾಸನಗಳಲ್ಲಿ ಬರುವ ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಖಚಿತವಾದದ್ದು ಆ ಶಾಸನದಿಂದ.

ನೋವಿನ ಮಾತನ್ನೂ ಆಡಬೇಕು. ಒಂದು ಕಚೇರಿಯಲ್ಲಿ ಅಪ್ರೆಂಟಿಸ್ ಹುಡುಗರು ತಿಂಗಳುಗಟ್ಟಲೆ ಜೆರಾಕ್ಸ್ ಮಾಡುತ್ತ, ಬಿಲ್ಲು ಜೋಡಿಸುತ್ತ ಕುಳಿತದ್ದನ್ನು ನಾನು ಕಂಡಿದ್ದೇನೆ. ವರ್ಷ ಮುಗಿದಾಗ ಅವರಿಗೆ ಸರ್ಟಿಫಿಕೇಟ್ ಸಿಕ್ಕಿತು, ಮೆಗ್ಗರ್ ಹಿಡಿಯಲು ಬರಲಿಲ್ಲ. ಇನ್ನೊಂದು ಕಡೆ ಇದಕ್ಕೆ ತದ್ವಿರುದ್ಧ: ಜನ ಕಡಿಮೆ ಎಂದು ಹೊಸ ಹುಡುಗನನ್ನು ಮೇಲ್ವಿಚಾರಕರಿಲ್ಲದೆ ಕಂಬ ಹತ್ತಿಸಿದರು. ಎರಡೂ ಅನ್ಯಾಯ. ತಂಗಿಯರ ಪಾಡು ಬೇರೆಯೇ. "ನೀ ಆಫೀಸಿನ್ಯಾಗ ಕುಂದ್ರವ್ವ" ಎಂದು ಪ್ರೀತಿಯಿಂದಲೇ ಅವರ ಕಲಿಕೆಯನ್ನು ಕಿತ್ತುಕೊಳ್ಳುತ್ತೇವೆ. ಹೆಣ್ಣುಮಕ್ಕಳು ತಾಂತ್ರಿಕ, ಮೇಲ್ವಿಚಾರಣೆಯ ಕೆಲಸಕ್ಕೆ ಹಗಲು ಹೊತ್ತಿನಲ್ಲಿ ಗಣಿಯೊಳಗೆ ಇಳಿಯಬಹುದೆಂದು ಕೇಂದ್ರ ಸರ್ಕಾರವೇ 2019ರಲ್ಲಿ ಅವಕಾಶ ಕೊಟ್ಟಿದೆ. ಗಣಿಗೇ ಇಳಿಯಬಹುದಾದವರು ಸಬ್‌ಸ್ಟೇಷನ್ ಯಾರ್ಡಿಗೆ ಯಾಕೆ ಬರಬಾರದು?

ಕಾನೂನು ನಮ್ಮ ಪರವಾಗಿದೆ. 1961ರ ಅಪ್ರೆಂಟಿಸ್ ಕಾಯ್ದೆಯೊಳಗೆ ಪದವೀಧರರು, ಡಿಪ್ಲೊಮಾದವರು ಬಂದದ್ದು 1973ರ ತಿದ್ದುಪಡಿಯಿಂದ. ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ತರಬೇತಿ ಪಡೆಯುವವನು, ಕೆಲಸಗಾರನಲ್ಲ. ಆದರೂ ಅವನ ಸುರಕ್ಷತೆಯ ಹೊಣೆ, ಪೆಟ್ಟಾದರೆ ಪರಿಹಾರದ ಹೊಣೆ ಮಾಲೀಕರದ್ದೇ. 2019ರಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಸ್ಟೈಪೆಂಡ್ ಎಂದು ನಿಯಮ ಬಂತು. ಅದರಲ್ಲಿ ಅರ್ಧ ಕೇಂದ್ರದ ಪಾಲು. ರೂಮಿನ ಬಾಡಿಗೆ, ಮೆಸ್ಸು, ಬಸ್ ಖರ್ಚು ಕಳೆದರೆ ಮನೆಗೆ ಕಳಿಸಲು ಏನೂ ಉಳಿಯದ ಮೊತ್ತ ಅದು. ಒಣ ಬೇಸಾಯದ ಮನೆಗಳಿಂದ ಬಂದ ಹುಡುಗರು ನಡುವೆಯೇ ಬಿಟ್ಟು ಡೆಲಿವರಿ ಕೆಲಸಕ್ಕೆ ಹೋಗುವುದು ಇದರಿಂದಲೇ. ನಮ್ಮ ಸೀಮೆಗೆ ಸಂವಿಧಾನದ 371ಜೆ ವಿಧಿಯಿಂದ ಉದ್ಯೋಗದಲ್ಲಿ, ಕಾಲೇಜು ಸೀಟಿನಲ್ಲಿ ಪಾಲು ಸಿಕ್ಕಿದೆ. ಇವೆರಡರ ನಡುವಿನ ಈ ಒಂದು ವರ್ಷಕ್ಕೆ ಊಟ, ವಸತಿಯ ನೆರವನ್ನು ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಹಣದಿಂದ ಕೊಡಬೇಕೆಂದು ಈ ಸಮಾವೇಶ ನಿರ್ಣಯ ಮಾಡಲಿ.

ಪ್ರತಿ ಅಪ್ರೆಂಟಿಸ್‌ಗೂ ಹೆಸರು ಹಿಡಿದು ಹೇಳಬಹುದಾದ ಒಬ್ಬ ಮಾರ್ಗದರ್ಶಿ ಬೇಕು. ಆ ದಿನ ಏನು ಕಲಿತೆ, ಯಾವ ರೀಡಿಂಗ್ ತೆಗೆದೆ, ಯಾವ ಎಲ್‌ಸಿಗೆ ಜೊತೆಗಿದ್ದೆ ಎಂದು ಬರೆಯುವ ಡೈರಿ ಬೇಕು. ಅದಕ್ಕೆ ಎಂಜಿನಿಯರಿನ ಸಹಿಯ ಪಕ್ಕದಲ್ಲಿ ಕಲಿಸಿದ ಲೈನ್‌ಮನ್ ಅಥವಾ ಆಪರೇಟರ್ ಸಹಿಯೂ ಬೀಳಬೇಕು. ವರ್ಷದಲ್ಲಿ ಕೆಲವು ತಿಂಗಳು ವಿತರಣೆ, ಕೆಲವು ತಿಂಗಳು ಸಬ್‌ಸ್ಟೇಷನ್, ಕೆಲವು ತಿಂಗಳು ಗಣಿ ಅಥವಾ ಮಿಲ್ಲು ಎಂದು ಸಂಸ್ಥೆಗಳು ತಮ್ಮೊಳಗೆ ಮಾತಾಡಿಕೊಂಡರೆ ನಮ್ಮ ಮಕ್ಕಳು ಊರು ಬಿಡದೆ ಸರ್ವಾಂಗ ಕಲಿಯುತ್ತಾರೆ.

ಕೊನೆಯದಾಗಿ ರೈಸ್ ಮಿಲ್ ಮಾಲೀಕರಿಗೆ. ಅಪ್ರೆಂಟಿಸ್‌ಗಳೆಂದರೆ ದೊಡ್ಡ ಕಂಪನಿಗಳ ವಿಷಯ ಎಂದು ನೀವು ತಿಳಿದಿದ್ದೀರಿ. ಮೂವತ್ತು ಜನರಿದ್ದರೆ ಕಡ್ಡಾಯ, ನಾಲ್ಕು ಜನರಿದ್ದರೂ ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ನಿಮ್ಮ ಮಿಲ್ಲಿನಲ್ಲಿ ಸ್ಟಾರ್ಟರ್, ಕೆಪಾಸಿಟರ್ ಪ್ಯಾನೆಲ್, ಎಲಿವೇಟರ್ ಮೋಟಾರ್, ಜನರೇಟರ್ ಎಲ್ಲ ಇವೆ. ಪವರ್ ಫ್ಯಾಕ್ಟರ್ ಇಳಿದು ಬಿಲ್ಲಿನಲ್ಲಿ ದಂಡ ಬೀಳುವುದನ್ನು, ತೌಡಿನ ಧೂಳು ತುಂಬಿ ಮೋಟಾರ್ ಸುಡುವುದನ್ನು ಒಬ್ಬ ಡಿಪ್ಲೊಮಾ ಅಪ್ರೆಂಟಿಸ್ ನೋಡಿಕೊಂಡರೆ ನಿಮಗೂ ಲಾಭ, ಅವನಿಗೂ ವಿದ್ಯೆ. ಹೊರಗೆ ಬಾಗಿಲ ಪಕ್ಕದ ಮೇಜಿನ ಮೇಲೆ ಒಂದು ದಪ್ಪ ಪುಸ್ತಕ ಇಡಿಸಿದ್ದೇನೆ. ಎಡಪುಟದಲ್ಲಿ ಕಲಿಯಬೇಕೆನ್ನುವವರ ಹೆಸರು, ಊರು, ಓದು. ಬಲಪುಟದಲ್ಲಿ ಕಲಿಸಲು ಒಪ್ಪುವ ಮಿಲ್ಲಿನ ಹೆಸರು, ಮಾರ್ಗದರ್ಶಿಯ ಹೆಸರು. ಎಡಪುಟ ಬೆಳಿಗ್ಗೆಯೇ ತುಂಬುತ್ತ ಬಂದಿದೆ. ಊಟಕ್ಕೆ ಕೂರುವ ಮೊದಲು ಮಾಲೀಕರು ದಯಮಾಡಿ ಬಲಪುಟಕ್ಕೆ ಬರಬೇಕು. ಅಪ್ರೆಂಟಿಸ್ ಪೋರ್ಟಲಿನಲ್ಲಿ ನೋಂದಣಿ ಮಾಡಿಕೊಡಲು ನಮ್ಮ ಹುಡುಗರು ಲ್ಯಾಪ್‌ಟಾಪ್ ಹಿಡಿದು ಅಲ್ಲೇ ಕುಳಿತಿದ್ದಾರೆ.