ಚಿಟಿಕೆ ಪ್ಲಾಟಿನಂಗೆ ಗಟ್ಟಿ ಅಂಗಳ



ಕಿತ್ತು ತಂದ ಶೇಂಗಾ ಗುಡ್ಡೆ ಹಾಕಿದರೆ ಮೇಲಿನ ಕಾಯಿಗಷ್ಟೇ ಬಿಸಿಲು. ಅಂಗಳದಲ್ಲಿ ತೆಳ್ಳಗೆ ಹರವಿದರೆ ಪ್ರತಿಯೊಂದಕ್ಕೂ ಬಿಸಿಲು. ಇಂಧನಕೋಶದ ಕಥೆಯೂ ಹೀಗೆಯೇ.

ಜಲಜನಕ, ಆಮ್ಲಜನಕಗಳನ್ನು ಕೂಡಿಸಿ, ಹೊಗೆಯಿಲ್ಲದೆ ವಿದ್ಯುತ್ತು ಕೊಡುವ ಸಾಧನ ಅದು. ಹೊರಬರುವುದು ನೀರು ಮತ್ತು ಶಾಖ. 1965ರಲ್ಲಿ ಅಮೆರಿಕದ ಜೆಮಿನಿ 5 ಗಗನನೌಕೆಗೆ ವಿದ್ಯುತ್ತು ಒದಗಿಸಿದ್ದು ಇದೇ. ಆದರೆ ಈ ಕ್ರಿಯೆ ಚುರುಕಾಗಲು ಪ್ಲಾಟಿನಂ ಬೇಕು. ಬಲು ದುಬಾರಿ ಲೋಹ. ಕ್ರಿಯೆ ನಡೆಯುವುದು ಲೋಹದ ಮೇಲ್ಮೈಯಲ್ಲಿ ಮಾತ್ರ. ಒಳಗೆ ಹುದುಗಿದ್ದು ದಂಡ. ಅದಕ್ಕೇ ಅದನ್ನು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಮೂರು-ನಾಲ್ಕು ಪಾಲಿನಷ್ಟು ಸಣ್ಣ ಕಣ ಮಾಡಿ, ಇಂಗಾಲದ ಮಸಿಪುಡಿಯ ಮೇಲೆ ಹರಡುತ್ತಾರೆ. ಬಳಸಿದಂತೆಲ್ಲ ಮಸಿ ಸವೆದು, ಕಣಗಳು ಜಾರಿ, ಮತ್ತೆ ಗುಡ್ಡೆಯಾಗುತ್ತವೆ.

ಗಟ್ಟಿ ಅಂಗಳ ಬೇಕಲ್ಲವೆ? ಅದಕ್ಕಾಗಿ ವಿಜ್ಞಾನಿಗಳು ಗ್ರಾಫೀನಿನ ಮೇಲೆ ಕಣ್ಣಿಟ್ಟಿದ್ದಾರೆ. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟಿನ ಒಂದೇ ಪದರವದು. ದಪ್ಪ ಒಂದು ಪರಮಾಣು. 2004ರಲ್ಲಿ ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್ ಅದನ್ನು ಅಂಟುಪಟ್ಟಿಯಿಂದ ಬಿಡಿಸಿ ತೆಗೆದರು. 2010ರಲ್ಲಿ ನೊಬೆಲ್ ಪಡೆದರು. ಒಂದು ಗ್ರಾಂ ಗ್ರಾಫೀನಿನ ಎರಡೂ ಮಗ್ಗುಲು ಸೇರಿದರೆ ಲೆಕ್ಕಕ್ಕೆ ಸುಮಾರು 26 ಗುಂಟೆ ಜಾಗ! ವಿದ್ಯುತ್ತೂ ಅದರಲ್ಲಿ ಸರಾಗವಾಗಿ ಹರಿಯುತ್ತದೆ.

ತೊಡಕೂ ಉಂಟು. ಹಸಿ ಹಪ್ಪಳದಂತೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡರೆ ನಡುವಿನ ಪ್ಲಾಟಿನಂಗೆ ಅನಿಲ ತಲುಪದು. ನಡುವೆ ಮಸಿಪುಡಿ ಸೇರಿಸಿ ಹಾಳೆಗಳನ್ನು ಬಿಡಿಯಾಗಿಡುವ ಪ್ರಯೋಗಗಳು ನಡೆದಿವೆ. ಅದು ಪೂರ್ತಿ ಕೈಗೂಡಿದರೆ ಕೊಂಚ ಪ್ಲಾಟಿನಂ ಬಹುಕಾಲ ದುಡಿದೀತು. ಇಂಧನಕೋಶದ ಬೆಲೆಯೂ ಇಳಿದೀತು.

ಹೊಗೆಯಿಲ್ಲದ ಬಸ್ಸಿನ ಸುದ್ದಿ ಕೇಳಿದಾಗ ನಿಮ್ಮ ಅಂಗಳದ ಶೇಂಗಾ ನೆನೆಯಿರಿ.