ಗ್ರಾಮಾರೋಗ್ಯದ ಪುನರ್ವ್ಯವಸ್ಥೆ
(ಮಹೋತ್ಸವದ ಎರಡನೆಯ ದಿನದ ಸಭೆಯಲ್ಲಿ ಮಾಡಿದ ಭಾಷಣ)

ಮೊದಲೇ ಅರಿಕೆ ಮಾಡಿಕೊಳ್ಳುವೆನು: ನಾನು ವೈದ್ಯನಲ್ಲ. ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಕಾವ್ಯಗಳನ್ನೂ ಓದಿ, ಅವನ್ನೇ ಮಕ್ಕಳಿಗೆ ಹೇಳಿಕೊಡುತ್ತ ಐವತ್ತರ ಗಡಿಯನ್ನು ದಾಟಿದವನು. ಆದರೆ ಈ ಮಹೋತ್ಸವದ ನೆನಪಿಗಾಗಿ ಸುತ್ತಣ ಹಳ್ಳಿಗಳಿಗೆ ಒಂದು ಆರೋಗ್ಯ ಕೇಂದ್ರದ ಕಟ್ಟಡವನ್ನು ಕಟ್ಟಿಸಿಕೊಡಬೇಕೆಂದು ಭಕ್ತರು ಸಂಕಲ್ಪಿಸಿರುವರು. ಭೂಮಿಯನ್ನು ಕೊಡಲು ದಾನಿಗಳೂ ಮುಂದೆ ಬಂದಿರುವರು. ಇಂತಹ ಕಾರ್ಯವೊಂದರಲ್ಲಿ ಹಿಂದೆ ತಪ್ಪಿದವನಾದುದರಿಂದ, ಈ ಸಾರಿ ಮುಂಚಿತವಾಗಿ ನಾಲ್ಕು ಮಾತುಗಳನ್ನು ಆಡುವುದು ನನ್ನ ಕರ್ತವ್ಯವೆಂದು ತಿಳಿದು ನಿಂತಿರುವೆನು.

ವೈದ್ಯಶಾಸ್ತ್ರವೆಂದರೆ ರೋಗಿಗೆ ಔಷಧವನ್ನು ಕೊಡುವ ಶಾಸ್ತ್ರವೆಂದು ನಾವು ಭಾವಿಸುವುದು ವಾಡಿಕೆ. ಚರಕ ಸಂಹಿತೆಯಾದರೋ ಆಯುರ್ವೇದದ ಪ್ರಯೋಜನವನ್ನು ನಿರೂಪಿಸುವಲ್ಲಿ, ಆರೋಗ್ಯವಂತನ ಆರೋಗ್ಯವನ್ನು ಕಾಪಾಡುವುದನ್ನು ಮೊದಲು ಹೇಳಿ, ರೋಗಿಯ ರೋಗವನ್ನು ಶಮನಗೊಳಿಸುವುದನ್ನು ಅನಂತರ ಹೇಳುವುದು. ಅದರ ವಿಮಾನಸ್ಥಾನದಲ್ಲಿ, ಜನಪದಗಳಿಗೆ ಜನಪದಗಳೇ ನಾಶವಾಗುವ ಪರಿಯನ್ನು ವಿಚಾರಿಸುವ ಒಂದು ಅಧ್ಯಾಯವೇ ಇರುವುದು. ಮನುಷ್ಯರ ಪ್ರಕೃತಿ, ಆಹಾರ, ಬಲ, ವಯಸ್ಸುಗಳು ಬೇರೆಬೇರೆಯಾಗಿದ್ದರೂ ಒಂದೇ ಕಾಲದಲ್ಲಿ ಒಂದೇ ರೋಗವು ಎಲ್ಲರನ್ನೂ ಹಿಡಿಯುವುದು ಹೇಗೆ? ಗಾಳಿ, ನೀರು, ನೆಲ, ಕಾಲ ಎಂಬ ನಾಲ್ಕು ಎಲ್ಲರಿಗೂ ಸಮಾನವಾದುವು, ಅವು ಕೆಟ್ಟರೆ ಎಲ್ಲರೂ ಕೆಡುವರು ಎಂಬುದು ಅಲ್ಲಿಯ ಸಮಾಧಾನ. ಊರಿನ ನೀರು ಕೆಟ್ಟಿರುವಾಗ ಒಬ್ಬೊಬ್ಬರಿಗೆ ಗುಳಿಗೆಯನ್ನು ಹಂಚುತ್ತ ಕುಳಿತರೆ ಆ ಕೆಲಸಕ್ಕೆ ಕೊನೆಯುಂಟೇ?

ನಮ್ಮ ನಾಡಿನಲ್ಲಿ ಇದನ್ನು ಅರಿತವರು ಇರಲಿಲ್ಲವೆಂದಲ್ಲ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಮೈಸೂರು ಸಂಸ್ಥಾನಕ್ಕೆ ಕಠಿಣವಾದ ಪಾಠವನ್ನು ಕಲಿಸಿತು. 1930ರ ದಶಕದಲ್ಲಿ ಮಂಡ್ಯದಲ್ಲಿಯೂ, ಕ್ಲೋಸ್‌ಪೇಟೆಯೆಂದು ಆಗ ಹೆಸರಾಗಿದ್ದ ಇಂದಿನ ರಾಮನಗರದಲ್ಲಿಯೂ, ರಾಕ್‌ಫೆಲರ್ ಪ್ರತಿಷ್ಠಾನದ ಸಹಾಯದೊಡನೆ ಆರೋಗ್ಯ ಘಟಕಗಳು ನಡೆದುವು. ಇಂತಿಷ್ಟು ಹಳ್ಳಿಗಳೆಂದು ಎಲ್ಲೆಯನ್ನು ಗೊತ್ತುಮಾಡಿಕೊಂಡು, ಅದರೊಳಗಿನ ಜನನ ಮರಣಗಳ ಲೆಕ್ಕವನ್ನೂ, ಬಾಣಂತಿಯರ ಮತ್ತು ಶಿಶುಗಳ ಆರೈಕೆಯನ್ನೂ, ನೀರು ನೈರ್ಮಲ್ಯಗಳನ್ನೂ ಒಂದೇ ತಂಡಕ್ಕೆ ವಹಿಸುವುದು ಘಟಕವೆಂಬುದರ ಅರ್ಥ.

ಇಡೀ ದೇಶಕ್ಕಾಗಿ ಇಂತಹ ಏರ್ಪಾಡನ್ನು ಯೋಚಿಸಿದುದು 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿಯನ್ನೊಪ್ಪಿಸಿದ ಭೋರ್ ಸಮಿತಿ. ರೋಗವನ್ನು ತಡೆಯುವ ಕೆಲಸ, ರೋಗವನ್ನು ಗುಣಪಡಿಸುವ ಕೆಲಸ ಇವೆರಡನ್ನೂ ಬೇರ್ಪಡಿಸಬಾರದೆಂಬುದು ಅದರ ಮುಖ್ಯ ಅಭಿಪ್ರಾಯ. ಮೊದಲ ಹಂತದಲ್ಲಿ 40,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರಲೆಂದು ಅದು ಸೂಚಿಸಿತು. ಅಲ್ಲಿಯ ಸಿಬ್ಬಂದಿಯ ಪಟ್ಟಿಯನ್ನು ತಾವು ಸ್ವಲ್ಪ ಗಮನವಿಟ್ಟು ಕೇಳಬೇಕು. ವೈದ್ಯರು 2, ದಾದಿ 1, ಔಷಧಗಾರ 1. ಇವರಲ್ಲದೆ ಸಾರ್ವಜನಿಕ ಆರೋಗ್ಯ ದಾದಿಯರು 4, ಸೂಲಗಿತ್ತಿಯರು 4, ತರಬೇತಿ ಹೊಂದಿದ ದಾಯಿಗಳು 4, ನೈರ್ಮಲ್ಯ ಪರೀಕ್ಷಕರು 2, ಆರೋಗ್ಯ ಸಹಾಯಕರು 2. ಕೆಳದರ್ಜೆಯ ನೌಕರರ ಲೆಕ್ಕ ಬೇರೆ. ಎಂದರೆ, ಕೇಂದ್ರದಲ್ಲಿ ನಿಂತು ರೋಗಿಯನ್ನು ನೋಡತಕ್ಕವರು ನಾಲ್ವರು. ಬಾಗಿಲುಬಾಗಿಲಿಗೆ ಹೋಗತಕ್ಕವರು ಹದಿನಾರು ಮಂದಿ! ಈ ಅನುಪಾತದಲ್ಲಿಯೇ ಯೋಜನೆಯ ಜೀವವಿರುವುದೆಂದು ನನಗೆ ತೋರುವುದು.

1952ರ ಅಕ್ಟೋಬರಿನಲ್ಲಿ ಸಮುದಾಯ ಅಭಿವೃದ್ಧಿ ಯೋಜನೆಯೊಡನೆ ಕೇಂದ್ರಗಳು ಹುಟ್ಟಿಕೊಂಡುವು. ಆದರೆ ಒಂದು ಬ್ಲಾಕಿಗೆ ಒಂದರಂತೆ ಹುಟ್ಟಿದುದರಿಂದ ಒಂದೊಂದರ ಮೇಲೂ ಹೊರೆ ಬಹಳವಾಯಿತು. ಅದರ ಮೇಲೆ ಮಲೇರಿಯಾಕ್ಕೆ ಒಬ್ಬ, ಸಿಡುಬಿಗೆ ಒಬ್ಬ, ಕುಟುಂಬ ಯೋಜನೆಗೆ ಮತ್ತೊಬ್ಬನೆಂದು ಒಂದೇ ಮನೆಯ ಬಾಗಿಲನ್ನು ಬೇರೆಬೇರೆಯವರು ತಟ್ಟುವಂತಾಗಲು, 1973ರಲ್ಲಿ ಕರ್ತಾರ್ ಸಿಂಗ್ ಸಮಿತಿಯು ಇವರನ್ನೆಲ್ಲ ಒಂದುಗೂಡಿಸಿ ಬಹೂದ್ದೇಶ ಕಾರ್ಯಕರ್ತರನ್ನಾಗಿ ಮಾಡಬೇಕೆಂದಿತು. ಬಯಲು ಸೀಮೆಯಲ್ಲಿ 30,000 ಜನರಿಗೊಂದು ಪ್ರಾಥಮಿಕ ಕೇಂದ್ರ, 5,000 ಜನರಿಗೊಂದು ಉಪಕೇಂದ್ರ, ಮಲೆನಾಡಿನಂತಹ ಕಡೆಗಳಲ್ಲಿ 20,000 ಮತ್ತು 3,000 ಎಂಬುದು ಈಗಿನ ಲೆಕ್ಕ. ಲೆಕ್ಕವೇನೋ ಸೊಗಸಾಗಿದೆ. ಆದರೂ ಡಾಕ್ಟರ್ ಎಚ್. ಸುದರ್ಶನರ ಅಧ್ಯಕ್ಷತೆಯಲ್ಲಿ ಕರ್ನಾಟಕ ಸರ್ಕಾರವು ನೇಮಿಸಿದ್ದ ಕಾರ್ಯಪಡೆಯು 2001ರ ತನ್ನ ವರದಿಯಲ್ಲಿ ಎತ್ತಿ ಹೇಳಿದ ಕುಂದುಗಳಲ್ಲಿ ಸಾರ್ವಜನಿಕ ಆರೋಗ್ಯದ ಅಲಕ್ಷ್ಯವೂ ಒಂದು.

ಇನ್ನು ನನ್ನ ತಪ್ಪಿನ ಸಂಗತಿ. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನನ್ನ ಹುಟ್ಟೂರಿಗೆ ಒಂದು ಉಪಕೇಂದ್ರವು ಮಂಜೂರಾಯಿತು. ಊರಿನವರೊಬ್ಬರು ಹಳ್ಳದಾಚೆಯ ಬೀಳು ನೆಲವನ್ನು ದಾನವಾಗಿ ಕೊಟ್ಟರು. ಪುಕ್ಕಟೆಯಾಗಿ ಬಂದ ನೆಲವಾದುದರಿಂದ ಯಾರೂ ಎರಡನೆಯ ಮಾತನ್ನಾಡಲಿಲ್ಲ. ಶಿಲಾಫಲಕಕ್ಕೆ ದಾನಸ್ತುತಿಯ ಪದ್ಯವನ್ನು ರಚಿಸಿಕೊಟ್ಟವನು ನಾನು. ಛಂದಸ್ಸಿನಲ್ಲಿ ದೋಷವಿರಲಿಲ್ಲ. ಕಟ್ಟಡವಾದ ಮರುವರ್ಷದ ಶ್ರಾವಣದಲ್ಲಿ ಹಳ್ಳವು ತುಂಬಿ ಹರಿಯಿತು. ನನ್ನ ಸೋದರತ್ತೆಯ ಸೊಸೆಗೆ ಬೇನೆ ಕಾಣಿಸಿಕೊಳ್ಳಲು, ಕಂಬಳಿಯ ಜೋಲಿಯಲ್ಲಿ ಹೊತ್ತು ಹಳ್ಳದ ದಡದ ತನಕ ಒಯ್ದು, ದಾಟಲಾರದೆ ಹಿಂದಕ್ಕೆ ತಂದರು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ದಾಟಿದ್ದರೂ ಆ ರಾತ್ರಿ ಅಲ್ಲಿ ಯಾರೂ ಇರಲಿಲ್ಲವೆಂಬುದು ಆಮೇಲೆ ತಿಳಿಯಿತು. ಊರಿನ ಹೊರಗೆ, ದೀಪವಿಲ್ಲದೆಡೆಯಲ್ಲಿ, ಒಬ್ಬಳೇ ಹೆಂಗಸು ಹೇಗೆ ವಾಸಮಾಡಿಯಾಳು? ದಾದಿಯು ಪಟ್ಟಣದಿಂದ ಬಂದು ಹೋಗುತ್ತಿದ್ದಳು. ಅವಳನ್ನು ಎಲ್ಲರೂ ನಿಂದಿಸಿದರು, ನಾನೂ ನಿಂದಿಸಿದೆನು. ಆ ನೆಲವನ್ನು ಒಪ್ಪುವ ಮೊದಲು ಅವಳನ್ನಾಗಲಿ, ಊರಿನ ಬಸುರಿಯರನ್ನಾಗಲಿ ಒಂದು ಮಾತು ಕೇಳಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ವ್ಯಾಕರಣದವನ ಮಾತಿನಲ್ಲಿ ಹೇಳುವುದಾದರೆ, ಅಧಿಕರಣವನ್ನು ಕಟ್ಟಿ ಕರ್ತೃವನ್ನು ಮರೆತಿದ್ದೆವು.

ಆದಕಾರಣ ಭಕ್ತರಲ್ಲಿ ನನ್ನ ವಿಜ್ಞಾಪನೆಯೇನೆಂದರೆ: ಕಟ್ಟಡವನ್ನು ನಾವು ಕೊಡಬಲ್ಲೆವು, ಹುದ್ದೆಯನ್ನು ಸರ್ಕಾರವೇ ಮಂಜೂರು ಮಾಡಬೇಕು. ಹುದ್ದೆಯಿಲ್ಲದ ಕಟ್ಟಡವು ದನಗಳಿಗೆ ನೆರಳಾಗುವುದನ್ನು ತಾವೂ ಕಂಡಿರುವಿರಿ. ಆದುದರಿಂದ ಮೊದಲು ಹುದ್ದೆಯ ವಿಚಾರವು ಇತ್ಯರ್ಥವಾಗಲಿ. 2005ರಲ್ಲಿ ಮೊದಲಾದ ಗ್ರಾಮೀಣ ಆರೋಗ್ಯ ಅಭಿಯಾನದಿಂದ, ಸುಮಾರು ಸಾವಿರ ಜನರಿಗೆ ಒಬ್ಬಳಂತೆ ಆಶಾ ಕಾರ್ಯಕರ್ತೆಯೂ, ಊರಿಗೆ ಆರೋಗ್ಯ ನೈರ್ಮಲ್ಯ ಸಮಿತಿಯೂ ಏರ್ಪಟ್ಟಿರುವುವು. ಆ ಸಮಿತಿಯ ಸಭೆಗೆ ನಮ್ಮಲ್ಲಿ ಎಷ್ಟು ಮಂದಿ ಹೋಗಿರುವೆವೆಂದು ಇಲ್ಲಿ ಕೈಯೆತ್ತಿಸಿ ಕೇಳುವ ಧೈರ್ಯ ನನಗಿಲ್ಲ. ಬರುವ ತಿಂಗಳು ಹೋಗೋಣ. ಆಶಾ ತಾಯಂದಿರು, ದಾದಿಯರು, ಪಂಚಾಯಿತಿಯ ನೀರುಗಂಟಿಗಳು ಇವರನ್ನು ಕೂಡಿಸಿಕೊಂಡು ಒಂದು ನಕ್ಷೆಯನ್ನು ಬರೆಯಿಸೋಣ. ಯಾವ ಹಳ್ಳಿಯಿಂದ ಯಾವ ಹಳ್ಳಿಗೆ ಮಳೆಗಾಲದಲ್ಲಿ ದಾರಿ ಕಡಿಯುವುದು, ಯಾವ ನೀರಿನ ತೊಟ್ಟಿಯನ್ನು ಎಂದು ತೊಳೆದರು, ಬಸುರಿಯರಿರುವ ಮನೆಗಳು ಯಾವುವು, ರಕ್ತದೊತ್ತಡಕ್ಕೂ ಸಕ್ಕರೆ ರೋಗಕ್ಕೂ ಔಷಧವನ್ನು ನಡುವೆಯೇ ನಿಲ್ಲಿಸಿದ ಮುದುಕರು ಎಲ್ಲಿರುವರು, ದಾದಿಯು ಸಂಸಾರಸಮೇತಳಾಗಿ ನಿರ್ಭಯದಿಂದ ವಾಸಿಸಬಹುದಾದ ಕೇರಿ ಯಾವುದು, ಇವೆಲ್ಲವೂ ಅದರಲ್ಲಿ ಕಾಣಬೇಕು.

ದಾನಿಗಳು ಮನ್ನಿಸಬೇಕು. ಆ ನಕ್ಷೆಯು ಕೈಗೆ ಬರುವ ತನಕ ದಾನಪತ್ರವನ್ನು ನೋಂದಾಯಿಸದೆ ಇಟ್ಟುಕೊಂಡಿರಬೇಕೆಂದು ಅವರನ್ನು ಬೇಡುವೆನು. ಅವರ ನೆಲವೇ ತಕ್ಕದೆಂದು ಗೊತ್ತಾದರೆ ಸಂತೋಷ; ಅಲ್ಲವಾದರೆ ಬೇರೊಂದು ನೆಲಕ್ಕೆ ಅದನ್ನು ಬದಲಿಸಿಕೊಡುವ ಔದಾರ್ಯವೂ ಅವರಲ್ಲಿ ಉಂಟೆಂದು ಬಲ್ಲೆನು. ಶಿಲಾಫಲಕದ ಪದ್ಯವನ್ನು ಆಮೇಲೆ ಬರೆದುಕೊಡುವೆನು.